ಮಸ್ಕತ್ತಿನ ಪಂಚಾತಿಕೆ, ನಮ್ಮೂರ ಪಂಚಾತಿಕೆ

2025ರ ಮಾರ್ಚ್‌ನಲ್ಲಿ ಅಣು ಮಾತುಕತೆಗೆ ಕರೆದು ಅಮೆರಿಕದ ಅಧ್ಯಕ್ಷರು ಇರಾನಿನ ಸರ್ವೋಚ್ಚ ನಾಯಕರಿಗೆ ಬರೆದ ಪತ್ರ ತೆಹರಾನ್ ತಲುಪಿದ್ದು ಯುಎಇ ಕೈಯಿಂದ. ಆದರೆ ಇರಾನ್ ಉತ್ತರ ಕೊಟ್ಟದ್ದು ಒಮಾನಿನ ಕೈಗೆ. ಪತ್ರ ತಂದವರನ್ನು ಬಿಟ್ಟು ಪಕ್ಕದ ಮನೆಯವರನ್ನು ಕರೆದು ಉತ್ತರ ಒಪ್ಪಿಸಿದ ಹಾಗೆ. ಒಮಾನನ್ನು ‘ಎರಡು ದೋಣಿಗೆ ಕಾಲಿಟ್ಟ ದೇಶ’ ಎಂದು ಊರ ಕಡೆಯವರು ಹೇಳುವುದುಂಟು. ಒಮಾನಿನ ರಾಜಧಾನಿ ಮಸ್ಕತ್ತಿನಲ್ಲಿ ಬದುಕು ಕಟ್ಟಿಕೊಂಡಿರುವ ನನಗೆ ಆ ಮಾತು ಸರಿ ಕಾಣುವುದಿಲ್ಲ. ಇಲ್ಲಿನ ತಟಸ್ಥ ನೀತಿ ಹೊರಗಿನವರನ್ನು ಮೆಚ್ಚಿಸಲು ಹುಟ್ಟಿದ್ದಲ್ಲ. ಒಳಮನೆ ಒಡೆಯದಿರಲಿ ಎಂದು ಹುಟ್ಟಿದ್ದು.

1970ರವರೆಗೆ ಈ ದೇಶದ ಹೆಸರೇ ‘ಮಸ್ಕತ್ ಮತ್ತು ಒಮಾನ್’. ಕರಾವಳಿ ಸುಲ್ತಾನನದು, ಒಳನಾಡಿನ ಬೆಟ್ಟಗಳು ಇಬಾಡಿ ಎಂಬ ಮುಸ್ಲಿಂ ಪಂಥದ ಇಮಾಮನವು. 1920ರ ಸೀಬ್ ಒಪ್ಪಂದ ಈ ಪಾಲನ್ನು ಒಪ್ಪಿಕೊಂಡಿತ್ತು. 1950ರ ದಶಕದಲ್ಲಿ ಇಮಾಮನ ಕಡೆಯವರೊಂದಿಗೆ ಯುದ್ಧವಾಯಿತು. 1965ರಿಂದ ಹತ್ತು ವರ್ಷ ದಕ್ಷಿಣದ ಧೋಫಾರ್‌ನಲ್ಲಿ ದಂಗೆ. ಬಂಡಾಯಗಾರರ ಬೆನ್ನಿಗೆ ದಕ್ಷಿಣ ಯೆಮೆನ್, ಸುಲ್ತಾನರ ಬೆನ್ನಿಗೆ ಬ್ರಿಟಿಷರೂ ಇರಾನಿನ ಅಂದಿನ ದೊರೆ ಶಾ ಕಳಿಸಿದ ಸೈನಿಕರೂ. ಅಂದರೆ ಅಕ್ಕಪಕ್ಕದವರ ಜಗಳ ಒಮಾನಿನ ಅಂಗಳದೊಳಗೇ ನಡೆದಿತ್ತು.

ಆ ದಂಗೆ ಮುಗಿದ ರೀತಿಯನ್ನು ಗಮನಿಸಬೇಕು. 1970ರಲ್ಲಿ ಪಟ್ಟಕ್ಕೆ ಬಂದ ಸುಲ್ತಾನ್ ಕಾಬೂಸ್ ದೇಶದ ಹೆಸರಿನಿಂದ ಆ ‘ಮತ್ತು’ವನ್ನು ತೆಗೆದರು, ಶರಣಾದವರಿಗೆ ಕ್ಷಮೆ ಕೊಟ್ಟರು. ಶರಣಾದ ಹೋರಾಟಗಾರರನ್ನು ‘ಫಿರ್ಕತ್’ ಎಂಬ ತುಕಡಿಗಳಾಗಿ ಮಾಡಿ, ಸಂಬಳ ಕೊಟ್ಟು, ಅವರವರ ಗುಡ್ಡಗಳಲ್ಲೇ ಕಾವಲಿಗೆ ನಿಲ್ಲಿಸಿದರು. ಹಿಂದೆಯೇ ಕೊಳವೆಬಾವಿ, ಔಷಧಾಲಯ, ಶಾಲೆ ಬಂದವು. ಬಂಡಾಯಗಾರರ ಧೋಫಾರ್ ವಿಮೋಚನಾ ರಂಗದಲ್ಲಿದ್ದ ಯೂಸುಫ್ ಬಿನ್ ಅಲಾವಿ ಮುಂದೆ ಇದೇ ದೇಶದ ವಿದೇಶಾಂಗ ಸಚಿವರಾಗಿ 2020ರವರೆಗೆ ಇದ್ದರು. ಶತ್ರುವಿನ ಪಾಳೆಯ ಕಂಡವನನ್ನೇ ಮಾತುಕತೆಗೆ ಕೂರಿಸಿದ ದೇಶ ಇದು.

ಇಲ್ಲಿ ಇಬಾಡಿ, ಸುನ್ನಿ, ಶಿಯಾ ಮೂರೂ ಪಂಥದವರಿದ್ದಾರೆ. ಮನೆಮಾತು ನೋಡಿದರೆ ಅರಬ್ಬಿಯ ಜೊತೆ ಬಲೂಚಿ, ಜಂಜಿಬಾರಿನಿಂದ ಬಂದ ಸ್ವಾಹಿಲಿ, ಧೋಫಾರಿನ ಜಿಬ್ಬಾಲಿ, ಉತ್ತರದ ತುದಿ ಮುಸಂದಮ್‌ನ ಕುಮ್ಜಾರಿ. ದಿಶ್‌ದಾಶ ಎಂಬ ನಿಲುವಂಗಿ, ಕಸೂತಿಯ ಕುಮ್ಮ ಟೋಪಿ ಎಲ್ಲರನ್ನೂ ಹೊರನೋಟಕ್ಕೆ ಒಂದು ಮಾಡುತ್ತವೆ. ಇಂಥಲ್ಲಿ ಸುನ್ನಿಗಳ ಸೌದಿ, ಶಿಯಾಗಳ ಇರಾನ್ ಜಗಳದಲ್ಲಿ ಪಕ್ಷ ಹಿಡಿದರೆ ಬಿರುಕು ಮೊದಲು ಕಾಣಿಸುವುದು ಮಸ್ಕತ್ತಿನ ಬೀದಿಯಲ್ಲಿ. 2024ರ ಜುಲೈಯಲ್ಲಿ ಮಸ್ಕತ್ತಿನ ವಾದಿ ಕಬೀರ್‌ನ ಶಿಯಾ ಮಸೀದಿಯ ಬಳಿ ಗುಂಡು ಹಾರಿಸಿದ ಮೂವರೂ ಒಮಾನಿ ಸಹೋದರರೇ ಎಂದು ತಿಳಿದಾಗ ಈ ನಾಡು ಬೆಚ್ಚಿದ್ದು ಅದಕ್ಕೇ.

ಇನ್ನು ಭೂಗೋಳ. ಕೊಲ್ಲಿಯ ತೈಲ ಹೊರಬರುವ ಹೋರ್ಮುಜ್ ಜಲಸಂಧಿ ಅತಿ ಕಿರಿದಾದಲ್ಲಿ ಸುಮಾರು 21 ನಾಟಿಕಲ್ ಮೈಲಿ. ಹೋಗುವ ಹಡಗಿಗೆ 2 ಮೈಲಿ, ಬರುವ ಹಡಗಿಗೆ 2 ಮೈಲಿ, ನಡುವೆ 2 ಮೈಲಿ ತೆರವು. ಅಲ್ಲಿ ಈ ದಾರಿ ಇರುವುದು ಒಮಾನಿನ ನೀರಿನಲ್ಲಿ, ಮುಸಂದಮ್ ತುದಿಯ ಪಕ್ಕ. ಆ ಮುಸಂದಮ್ ಕೂಡ ಉಳಿದ ಒಮಾನಿಗೆ ಅಂಟಿಕೊಂಡಿಲ್ಲ; ರಸ್ತೆಯಲ್ಲಿ ಹೋಗಬೇಕಾದರೆ ಯುಎಇ ದಾಟಬೇಕು. ಎದುರು ದಡದಲ್ಲಿ ಇರಾನ್. ಇಬ್ಬರಲ್ಲಿ ಯಾರೊಬ್ಬರೊಂದಿಗೆ ಮಾತು ಬಿಟ್ಟರೂ ನಡೆಯದು.

ಹಾಗಾಗಿ 1979ರಲ್ಲಿ ಅರಬ್ ದೇಶಗಳು, ಇಸ್ರೇಲ್ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡ ಈಜಿಪ್ಟ್ ಜೊತೆ ಸಂಬಂಧ ಕಡಿದುಕೊಂಡಾಗ ಒಮಾನ್ ಕಡಿಯಲಿಲ್ಲ. ಶಾ ಹೋಗಿ ಖೊಮೇನಿ ಬಂದರೂ ತೆಹರಾನಿನ ಬಾಗಿಲು ಮುಚ್ಚಲಿಲ್ಲ. 2015ರಲ್ಲಿ ಯೆಮೆನ್ ಮೇಲೆ ಸೌದಿ ಒಕ್ಕೂಟ ದಾಳಿಗಿಳಿದಾಗ ಕೊಲ್ಲಿ ಸಹಕಾರ ಮಂಡಳಿಯ ಆರು ದೇಶಗಳಲ್ಲಿ ಹೊರಗುಳಿದದ್ದು ಒಮಾನ್ ಒಂದೇ. 2017ರಲ್ಲಿ ಕತಾರಿಗೆ ದಿಗ್ಬಂಧನ ಬಿದ್ದಾಗ, ದುಬೈ ಮೂಲಕ ಹೋಗುತ್ತಿದ್ದ ಸರಕು ಒಮಾನಿನ ಸೋಹಾರ್, ಸಲಾಲಾ ಬಂದರುಗಳಿಂದ ಹೋಯಿತು.

ನಮ್ಮೂರ ಪಂಚಾತಿಕೆ ಕಟ್ಟೆಯ ಮೇಲೆ, ಹತ್ತು ಜನರೆದುರು ನಡೆಯುವಂಥದ್ದು. ಹಿರಿಯರು ಸರಿ-ತಪ್ಪು ಹೇಳುತ್ತಾರೆ, ದಂಡ ಹಾಕುತ್ತಾರೆ. ಹತ್ತು ಜನ ಕೇಳಿಸಿಕೊಂಡಿದ್ದಾರೆ ಎಂಬುದೇ ಅದರ ಕಟ್ಟು. ಆದರೆ ಹತ್ತು ಜನರೆದುರು ತಗ್ಗುವುದು ಯಾರಿಗೂ ಸುಲಭವಲ್ಲ. ಮಸ್ಕತ್ತಿನ ರೀತಿ ತದ್ವಿರುದ್ಧ. 2025ರ ಏಪ್ರಿಲ್ 12ರಂದು ಅಮೆರಿಕದವರು ಒಂದು ಕೋಣೆಯಲ್ಲಿ, ಇರಾನಿಯರು ಇನ್ನೊಂದು ಕೋಣೆಯಲ್ಲಿ. ವಿದೇಶಾಂಗ ಸಚಿವ ಬದ್ರ್ ಅಲ್ ಬುಸೈದಿ ನಡುವೆ ಓಡಾಡಿ ಸಂದೇಶ ಮುಟ್ಟಿಸಿದರು. ತೀರ್ಪಿಲ್ಲ, ಸಭೆಯಿಲ್ಲ. ಇದೂ ಒಂದೇ ದಿನದಲ್ಲಿ ಬಂದದ್ದಲ್ಲ. 2009ರಲ್ಲಿ ಇರಾನ್ ಹಿಡಿದಿಟ್ಟ ಮೂವರು ಅಮೆರಿಕನ್ ಚಾರಣಿಗರನ್ನು 2010, 2011ರಲ್ಲಿ ಬಿಡಿಸಿ ತಂದದ್ದು ಒಮಾನ್. ಆ ಸಣ್ಣ ಕೆಲಸದ ನಂಬಿಕೆಯ ಮೇಲೆ 2012ರಲ್ಲಿ ಗುಟ್ಟಿನ ಅಣು ಮಾತುಕತೆ ಶುರುವಾಯಿತು, 2015ರ ಒಪ್ಪಂದಕ್ಕೆ ದಾರಿಯಾಯಿತು.

ಆದರೆ ಮುಚ್ಚಿದ ಕೋಣೆಯಲ್ಲಿ ತಗ್ಗುವುದು ಎಷ್ಟು ಸುಲಭವೋ ಮುರಿಯುವುದೂ ಅಷ್ಟೇ ಸುಲಭ. 2018ರಲ್ಲಿ ಅಮೆರಿಕ ಒಪ್ಪಂದದಿಂದ ಹೊರನಡೆದಾಗ ಹಿಡಿದು ನಿಲ್ಲಿಸುವ ಶಕ್ತಿ ಒಮಾನಿಗೆ ಇರಲಿಲ್ಲ. 2025ರ ಜೂನ್ 15ಕ್ಕೆ ಮಸ್ಕತ್ತಿನಲ್ಲಿ ಆರನೇ ಸುತ್ತು ಎಂದು ಗೊತ್ತಾಗಿತ್ತು. 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿತು, ಸುತ್ತು ರದ್ದಾಯಿತು. ಕೋಣೆಗೆ ಬಾರದವನು ಕೋಣೆಯನ್ನೇ ಕೆಡಿಸಬಲ್ಲ ಎಂಬುದು ಈ ವಿಧಾನದ ದೊಡ್ಡ ಕೊರತೆ. ನಮ್ಮ ಕಟ್ಟೆಯಾಗಿದ್ದರೆ ಅವನನ್ನೂ ಕರೆಸುತ್ತಿದ್ದರು.

ಜನರ ಸಿಟ್ಟಿಗೂ ಒಂದು ದಾರಿ ಬೇಕು. ಗಾಜಾ ವಿಷಯದಲ್ಲಿ ಇಲ್ಲಿನ ಪ್ರಧಾನ ಮುಫ್ತಿ ಅಹ್ಮದ್ ಅಲ್ ಖಲೀಲಿ ಸರ್ಕಾರ ಆಡದ ಖಾರವಾದ ಮಾತುಗಳನ್ನು ಆಡುತ್ತಾರೆ. ಸಚಿವಾಲಯ ಅಳೆದು ತೂಗಿ ಮಾತಾಡುತ್ತದೆ. ಮನೆಯ ಹಿರಿಯರು ಗದರಿದರೂ ಯಜಮಾನ ಬಾಗಿಲು ಹಾಕದ ಹಾಗೆ. ಇದು ಸರಿಯಾದ ಹಂಚಿಕೆ ಎಂದೇ ನನ್ನ ಅನಿಸಿಕೆ.

ಇದು ನಮಗೆ ದೂರದ ಸಂಗತಿಯಲ್ಲ. ಹದಿನೆಂಟನೇ ಶತಮಾನದಲ್ಲಿ ಮಂಗಳೂರಿನ ಅಕ್ಕಿ ಮಸ್ಕತ್ತಿಗೆ ಹೋಗುತ್ತಿತ್ತು, ಟಿಪ್ಪುವಿನ ವ್ಯಾಪಾರ ಕೋಠಿಯೇ ಇಲ್ಲಿತ್ತು. ಈಗ ಕೊಲ್ಲಿಯ ಕಚ್ಚಾತೈಲ ಹೋರ್ಮುಜ್ ದಾಟಿ ಮಂಗಳೂರಿಗೆ ಬರುತ್ತದೆ. ತುರ್ತು ಸಂಗ್ರಹಕ್ಕೆಂದು ಮಂಗಳೂರಿನ ಬಂಡೆಗುಹೆಯಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ತುಂಬಬಹುದು. ವಿಶಾಖಪಟ್ಟಣದ್ದೂ ಸೇರಿದರೆ ಇಡೀ ದೇಶಕ್ಕೆ ಸುಮಾರು ಒಂಬತ್ತೂವರೆ ದಿನಕ್ಕೆ ಸಾಕಾಗುವಷ್ಟು.

ಮಸ್ಕತ್ತಿನಲ್ಲಿ ಮಾತುಕತೆ ಎಂದು ಸುದ್ದಿ ಬಂದಾಗ ಯಾರು ಗೆದ್ದರು ಎಂದು ಹುಡುಕಿ ಪ್ರಯೋಜನವಿಲ್ಲ. ಹೇಳಿಕೆ ಮೊದಲು ಒಮಾನಿನ ಸಚಿವಾಲಯದಿಂದ ಬಂತೇ, ಇಲ್ಲವೇ ಎರಡು ಕಡೆಯವರೂ ಬೇರೆ ಬೇರೆ ಕಥೆ ಹೇಳುತ್ತಿದ್ದಾರೆಯೇ ನೋಡಿ. ನಾಯಕರ ಜೊತೆ ಅಣು ತಜ್ಞರೂ ಬಂದಿದ್ದಾರೆಯೇ ನೋಡಿ. 2025ರ ಏಪ್ರಿಲ್ 26ರ ಮೂರನೇ ಸುತ್ತಿಗೆ ಬಂದಿದ್ದರು. ಕೊನೆಗೆ, ಏಳುವ ಮೊದಲು ಮುಂದಿನ ದಿನಾಂಕ ಗೊತ್ತು ಮಾಡಿದರೇ ಎಂದು ನೋಡಿ.