ಬ್ರಿಯಾರ್ ಅಂದರೆ ಬರೀ ಸೇತುವೆಯಲ್ಲ
ಫ್ರಾನ್ಸಿನ ಬ್ರಿಯಾರ್ ಊರನ್ನು ನಿಮ್ಮ ಬರಹದಲ್ಲಿ ನೀವು 'ನೀರ ಸೇತುವೆಯ ಊರು' ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಸೇತುವೆ ಸೊಗಸೇ, ಒಪ್ಪಿದೆ: 1896ರ 662 ಮೀಟರ್ ಉದ್ದದ ಉಕ್ಕಿನ ತೊಟ್ಟಿ, ಅದರೊಳಗೆ ದೋಣಿ, ಅಡಿಯಲ್ಲಿ ಲ್ವಾರ್ ನದಿ. ಆದರೆ ಅದಕ್ಕೂ ಎರಡೂವರೆ ಶತಮಾನ ಮೊದಲೇ, 1642ರಲ್ಲಿ, ಲ್ವಾರ್ ಕಡೆಯ ಸರಕನ್ನು ಸೇನ್ ನದಿಯ ಕಡೆಗೆ ದಾಟಿಸುವ ಕಾಲುವೆ ಇಲ್ಲಿಂದ ಶುರುವಾಗಿತ್ತು. ನಡುವೆ ದಿಣ್ಣೆ, ಹಾಗಾಗಿ ಕಾಲುವೆ ದಾರಿಯ ರೋಗ್ನಿ ಎಂಬ ಊರಲ್ಲಿ ಏಳು ಲಾಕ್‌ಗಳು (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿಯನ್ನು ದಾಟಿಸುವ ಬಾಗಿಲಿನ ತೊಟ್ಟಿಗಳು) ಮೆಟ್ಟಿಲ ಹಾಗೆ ಒಂದರ ಮೇಲೊಂದು.

ಇನ್ನು ಊರಿಗೆ ಅನ್ನ ಕೊಟ್ಟದ್ದು ಗುಂಡಿ. ಅಂಗಿ ಗುಂಡಿ, ಸ್ವಾಮಿ! 19ನೇ ಶತಮಾನದಲ್ಲಿ ಬಾಪ್ತೆರೋಸ್ ಎಂಬಾತ ಪಿಂಗಾಣಿ ಗುಂಡಿಗಳನ್ನು ಯಂತ್ರದಲ್ಲಿ ರಾಶಿರಾಶಿ ಒತ್ತಿಸಿದ. ಆಮೇಲೆ ಅದೇ ಕಾರ್ಖಾನೆಯಿಂದ ಮೊಸಾಯಿಕ್ ಬಿಲ್ಲೆಗಳು; ಊರಿನ ಚರ್ಚಿಗೂ ಅವನ್ನೇ ಅಂಟಿಸಿದ್ದಾರೆ. ಇಷ್ಟನ್ನು ಬಿಟ್ಟು ಬರೆದರೆ ಹೇಗೆ?