ಪಟಾಕಿ ಹೊಡೆಯಲು ಸ್ವಲ್ಪ ಕಾಯಿರಿ

ರಾಕೆಟ್ ಹಾರಿದರೆ ಸಾಕು, ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಧ್ವಜಗಳ ಸುರಿಮಳೆ. ಖುಷಿಯೇ. ಆದರೆ ದಾರಿ ತೋರಿಸುವ ಉಪಗ್ರಹದ ನಿಜವಾದ ಕೆಲಸ ಆ ದಿನ ಶುರುವೂ ಆಗಿರುವುದಿಲ್ಲ.

ಅಮೆರಿಕದ ಜಿಪಿಎಸ್-3 ಸರಣಿಯ ಮೊದಲ ಉಪಗ್ರಹ ಮೇಲೆ ಹೋದದ್ದು 2018ರ ಡಿಸೆಂಬರ್‌ನಲ್ಲಿ. ಹಳೆಯವುಗಳ ಜೊತೆ ಸೇರಿ ಎಲ್ಲರ ಬಳಕೆಗೆ ಸಿಕ್ಕಿದ್ದು 2020ರ ಜನವರಿಯಲ್ಲಿ. ಒಂದು ವರ್ಷಕ್ಕೂ ಜಾಸ್ತಿ! ಇಂಥ ಉಪಗ್ರಹದ ಜೀವ ಇರುವುದು ಗಡಿಯಾರದಲ್ಲಿ. 'ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು' ಎಂದು ಉಪಗ್ರಹ ಕೂಗುತ್ತಲೇ ಇರುತ್ತದೆ, ಅಷ್ಟೇ. ಆ ಕೂಗು ತಲುಪಲು ಹಿಡಿದ ಹೊತ್ತಿನಿಂದ ನಮ್ಮ ಫೋನು ದೂರದ ಲೆಕ್ಕ ಹಾಕುತ್ತದೆ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ಆ ಲೆಕ್ಕ 300 ಮೀಟರ್ ಹೆಚ್ಚುಕಮ್ಮಿ.

300 ಮೀಟರ್ ಅಂದರೆ ಏನು ಅಂತ ಮಲ್ಪೆ ಬಂದರಿನಲ್ಲಿ ಮೀನುಗಾರಿಕೆ ಬೋಟು ನಡೆಸುವ ತಾಂಡೇಲರನ್ನು ಕೇಳಿ. ಆಳಸಮುದ್ರ ಬೋಟಿನ ಕ್ಯಾಬಿನ್‌ನಲ್ಲಿ ಜಿಪಿಎಸ್ ಪರದೆ ಇರುತ್ತದಲ್ಲ, ಅದರಲ್ಲಿ ಗುರುತು ಮಾಡಿಟ್ಟ ಪಾಯಿಂಟುಗಳೇ ಅವರ ಆಸ್ತಿ. ಬೊಂಡಾಸ (ಸ್ಕ್ವಿಡ್) ಸಿಕ್ಕ ಜಾಗ, ಬಲೆ ಹರಿದ ಕಲ್ಲು, ಎಲ್ಲ ಅದರೊಳಗೆ. ಪಕ್ಕದ ಬೋಟಿನವರಿಗೆ ಸುಮ್ನೆ ತೋರಿಸುವುದಿಲ್ಲ ಬಿಡಿ. ಕಲ್ಲಿನ ಪಾಯಿಂಟ್ ಅಷ್ಟು ಆಚೀಚೆ ಆದರೆ ಬಲೆಯ ಕಥೆ ಮುಗಿಯಿತು.

ಜಿಪಿಎಸ್ ತರಹವೇ ದಾರಿ ತೋರಿಸುವ, ನಮ್ಮ ದೇಶದ್ದೇ ಆದ ನಾವಿಕ್ ಉಪಗ್ರಹಗಳ ವ್ಯವಸ್ಥೆ ಇದೆಯಲ್ಲ ಅನ್ನುತ್ತೀರಿ. ಇದೆ. 2013ರಲ್ಲಿ ಹೋದ ಮೊದಲ ಉಪಗ್ರಹದ ಮೂರೂ ಗಡಿಯಾರ ಕೈಕೊಟ್ಟವು. 2017ರಲ್ಲಿ ಅದರ ಬದಲಿಗೆ ಕಳಿಸಿದ್ದು ರಾಕೆಟ್ಟಿನ ಮುಚ್ಚಳದೊಳಗೇ ಸಿಕ್ಕಿಕೊಂಡಿತು. 2023ರ ಮೇ ತಿಂಗಳಲ್ಲಿ ಎನ್‌ವಿಎಸ್-01 ಎಂಬ ಹೊಸ ನಾವಿಕ್ ಉಪಗ್ರಹ ದೇಶದಲ್ಲೇ ಮಾಡಿದ ಪರಮಾಣು ಗಡಿಯಾರ ಹೊತ್ತು ಹೋಯಿತು, ಅದು ದೊಡ್ಡ ಗೆಲುವು. 2025ರ ಜನವರಿ 29ಕ್ಕೆ ಎನ್‌ವಿಎಸ್-02. ಶ್ರೀಹರಿಕೋಟದ ನೂರನೇ ಉಡಾವಣೆ ಎಂದು ಊರೆಲ್ಲ ಸಂಭ್ರಮ. ರಾಕೆಟ್ಟೇನೋ ತನ್ನ ಕೆಲಸ ಸರಿಯಾಗಿಯೇ ಮಾಡಿತು. ಆಮೇಲೆ ಉಪಗ್ರಹದ ವಾಲ್ವ್ ತೆರೆಯಲಿಲ್ಲ, ಅದು ತನ್ನ ಕಕ್ಷೆ ಮುಟ್ಟಲೇ ಇಲ್ಲ. ಆ ಸುದ್ದಿಯನ್ನು ಎಷ್ಟು ಜನ ಫಾರ್ವರ್ಡ್ ಮಾಡಿದಿರಿ?

ಇಸ್ರೋವನ್ನು ಹಳಿಯುತ್ತಿಲ್ಲ. ಹತ್ತು ವರ್ಷ ಅದನ್ನು ನಡೆಸಿದ ಯು. ಆರ್. ರಾವ್ ನಮ್ಮ ಉಡುಪಿ ಕಡೆಯ ಅದಮಾರಿನವರು, ನನಗೂ ಹೆಮ್ಮೆ ಇದೆ. ಆದರೆ 2025ರಲ್ಲಿ ಸಂಸತ್ತಿಗೆ ಸರ್ಕಾರವೇ ಕೊಟ್ಟ ಲೆಕ್ಕ ನೋಡಿ: ಕಳಿಸಿದ ನಾವಿಕ್ ಉಪಗ್ರಹಗಳು 11, ಜಾಗ ಹೇಳುವ ಕೆಲಸ ಮಾಡುತ್ತಿದ್ದದ್ದು 4. ಜಾಗ ಗೊತ್ತಾಗಲು ಕಡಿಮೆಯೆಂದರೂ ನಾಲ್ಕು ಬೇಕು. ಅಂದರೆ ಒಂದು ಕೆಟ್ಟರೂ ಕಷ್ಟ. ಎಷ್ಟು ಹಾರಿದವು ಅಂತಲ್ಲ, ಎಷ್ಟು ಸಿಗ್ನಲ್ ಕೊಡುತ್ತಿವೆ ಅಂತ ಕೇಳೋಣ ಅಲ್ವಾ?

ಫೋನಿನಲ್ಲಿ ಜಿಪಿಎಸ್‌ಟೆಸ್ಟ್ ಎಂಬ ಆ್ಯಪ್ ಹಾಕಿಕೊಂಡು ಬಯಲಲ್ಲಿ ನಿಂತು ನೋಡಿ. ಯಾವ ದೇಶದ ಉಪಗ್ರಹ ಎಷ್ಟು ಸಿಗುತ್ತಿದೆ ಎಂದು ತೋರಿಸುತ್ತದೆ. ನಮ್ಮವು ಎಷ್ಟು ಕಂಡವು, ಕಮೆಂಟಿನಲ್ಲಿ ಹಾಕಿ.