ಯಾಕೊನ್ ಗಡ್ಡೆ ತುಂಡು ನೆಟ್ರೆ ಚಿಗುರಲ್ಲ
ಯಾಕೊನ್ (ಹಸಿಯಾಗೇ ತಿನ್ನೋ ಸಿಹಿ ಗಡ್ಡೆ) ಬೆಳೆಯೋದ್ರ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ, ಆದ್ರೆ ಅದ್ರ ಗಡ್ಡೆನ ಆಲೂಗಡ್ಡೆ ಥರ ಕತ್ತರಿಸಿ ನೆಡಿ ಅಂತ ಬರ್ದಿದೀರಲ್ಲ ಅದು ಸರಿಯಿಲ್ಲ, ನಾವು ತಿನ್ನೋ ಕಂದು ಗಡ್ಡೆಲಿ ಮೊಳಕೆ ಬರೋ ಕಣ್ಣೇ ಇರಲ್ಲ, ಮಣ್ಣಲ್ಲಿ ಕೊಳೆತು ಹೋಗುತ್ತೆ ಅಷ್ಟೆ. ಕಾಂಡದ ಬುಡಕ್ಕೆ ಅಂಟ್ಕೊಂಡು ಶುಂಠಿ ಹಾಗೆ ಗಂಟುಗಂಟಾಗಿ, ಕೆಂಪು-ನೇರಳೆ ಮೊಗ್ಗು ಇರೋ ಭಾಗ ಬರುತ್ತೆ ನೋಡಿ, ಅದನ್ನ ಮೊಳಕೆ ಸಮೇತ ಬಿಡಿಸಿ ನೆಡ್ಬೇಕು. ಸೂರ್ಯಕಾಂತಿ ಕುಟುಂಬದ ಗಿಡ, ಆಳೆತ್ತರ ಬೆಳೆಯುತ್ತೆ, ಚಿಕ್ಕ ಪಾಟ್ ಎಲ್ಲಾ ಸಾಕಾಗಲ್ಲ. ಗಡ್ಡೆ ರೆಡಿಯಾಗೋಕೆ 6-7 ತಿಂಗಳು ಬೇಕು, ತಾಳ್ಮೆ ಇಲ್ದವ್ರು ಮೂಲಂಗಿ ಹಾಕ್ಕೊಳ್ಳಿ! ಅಗೆಯೋವಾಗ ಗುದ್ದಲಿ ಹತ್ರ ತರ್ಬೇಡಿ, ಗಡ್ಡೆ ಚಟ್ ಅಂತ ಮುರಿಯುತ್ತೆ, ಕೈಯಲ್ಲೇ ಮಣ್ಣು ಬಿಡಿಸಿ. ಕಿತ್ತ ತಕ್ಷಣ ಸಪ್ಪೆ ಅನ್ಸಿದ್ರೆ ಕೆಲವು ದಿನ ಬಿಸಿಲಿಗಿಟ್ಟು ಆಮೇಲೆ ಸಿಪ್ಪೆ ತೆಗೆದು ಹಸಿಯಾಗೇ ತಿನ್ನಿ, ಸಿಹಿ ಜಾಸ್ತಿಯಾಗಿರುತ್ತೆ.